ಡೋನಾ ಝುಲ್ಮಿರಾಳ ಕೈಗುಣ

ಮೋಂಟಿ ಗುಡ್ಡದ ಮೆಟ್ಟಿಲೋಣಿಯಲ್ಲಿ ಆರ್ಕಿಡ್ ಬೆಳೆಯದ ಮನೆಯಿಲ್ಲ, ಅಲ್ಲಿ ಆರ್ಕಿಡ್ ಬೆಳೆಯುವವರು ಡೋನಾ ಝುಲ್ಮಿರಾಳನ್ನು ಕೇಳದೆ ಒಂದು ಕುಂಡವನ್ನೂ ಜರುಗಿಸುವುದಿಲ್ಲ. ಇದು ಝುಲ್ಮಿರಾಳದೇ ಮಾತು. ಆದರೆ ಸುಳ್ಳೇನಲ್ಲ. ಕೆಳಗಿನ ಫುಂಶಾಲ್ ಪಟ್ಟಣದಿಂದ ಜನ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಆ ಓಣಿಯ ಹೂವು ನೋಡಿ, "ಇದು ಯಾರ ಕೈಗುಣ?" ಎಂದು ಕೇಳಿ ಹೋಗುತ್ತಿದ್ದರು. ಉತ್ತರ ಹೇಳಲು ಅವಳು ಬಾಗಿಲಲ್ಲೇ ನಿಂತಿರುತ್ತಿದ್ದಳು.

ಅರವತ್ತೆಂಟು ವರ್ಷದ ಹೆಂಗಸು, ಡೋನಾ ಎಂಬುದು ಅಮ್ಮಾವ್ರು ಎನ್ನುವಂಥ ಮರ್ಯಾದೆಯ ಮಾತು. ಐವತ್ತು ವರ್ಷದಿಂದ ಓಣಿಯ ಗಿಡಗಳ ಗಡ್ಡೆ ಬಿಡಿಸಿ, ಕತ್ತರಿಸಿ, ಒಂದನ್ನು ಹಲವಾಗಿ ಪಾಲು ಮಾಡಿಕೊಡುತ್ತಿದ್ದವಳು ಅವಳೇ. ಏಪ್ರಿಲ್ ಕೊನೆಗೆ, ಹೂವು ಮುಗಿಯುತ್ತಿದ್ದಂತೆ, ಒಂದು ಶನಿವಾರ ಹನ್ನೊಂದು ಮನೆಯ ಹೆಂಗಸರು ಕುಂಡ ಹೊತ್ತು ಅವಳ ಅಂಗಳಕ್ಕೆ ಬರಬೇಕು. ಮೇಜಿನ ಮೇಲೆ ದ್ರಾಕ್ಷಿ ಬಳ್ಳಿ ಸವರುವ ಬಾಗುಗತ್ತಿ, ಅವಳ ತಾಯಿಯದು. ಪಕ್ಕದಲ್ಲಿ ಕಬ್ಬಿನ ಸಾರಾಯಿ ತುಂಬಿದ ಒಂದು ಗಾಜಿನ ಲೋಟ. ಒಂದು ಗಿಡ ಕತ್ತರಿಸಿದಳೆಂದರೆ ಕತ್ತಿಯನ್ನು ಲೋಟದಲ್ಲಿ ಅದ್ದಿ, ಏಪ್ರನ್ನಿಗೆ ಒರೆಸಿ, ಮುಂದಿನ ಗಿಡಕ್ಕೆ ಕೈ ಹಾಕುವಳು. "ಕತ್ತಿಗೊಂದು ಗುಟುಕು, ಕತ್ತರಿಸಿದವಳಿಗೊಂದು ಗುಟುಕು" ಎಂಬುದು ತಾಯಿ ಕಲಿಸಿದ ಪಾಠ. ಕತ್ತಿಯ ಲೋಟ ಬೇರೆ, ಕುಡಿಯುವ ಲೋಟ ಬೇರೆ. ಸಂಜೆಯ ಹೊತ್ತಿಗೆ ಯಾವುದು ಯಾವುದೆಂದು ಮರೆತವರೂ ಉಂಟು, ಅವರ ಹೆಸರು ಇಲ್ಲಿ ಬೇಡ.

ಓಣಿಯ ಮೇಲ್ತುದಿಯ ಫಿರ್ಮಿನೊ ಒಬ್ಬ ಮಾತ್ರ ಈ ಕೂಟಕ್ಕೆ ಗಿಡ ತರುತ್ತಿರಲಿಲ್ಲ. ಬಸ್ ಓಡಿಸಿ ನಿವೃತ್ತನಾದ ಮನುಷ್ಯ. ಪುಸ್ತಕ ಓದಿ ಗಿಡ ಬೆಳೆಸುವವನು, ಒಂದೊಂದು ಗಿಡ ಮುಗಿದಾಗಲೂ ಚಾಕುವನ್ನು ಗ್ಯಾಸಿನ ಉರಿಗೆ ಹಿಡಿಯುವವನು. ಓಣಿ ಅವನಿಗೆ 'ಡಾಕ್ಟ್ರು' ಎಂದು ಹೆಸರಿಟ್ಟಿತ್ತು.

"ಸಾರಾಯಿಗೆ ಗಿಡದ ವೈರಸ್ ಸಾಯಲ್ಲ ಡೋನಾ, ಬೆಂಕಿ ಬೇಕು" ಎಂದು ಅವನು ಆರು ವರ್ಷ ಹೇಳಿದ.

"ಮೊದ್ಲು ನಮ್ಮ ಸಾರಾಯಿ ಒಂದು ಗುಟುಕು ಕುಡಿಯಪ್ಪ, ಆಮೇಲೂ ಬೆಂಕಿ ಬೇಕಾ ಹೇಳು" ಎಂದು ಅವಳು ಆರು ವರ್ಷ ಉತ್ತರ ಕೊಟ್ಟಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಹಿತ್ತಲ ಗಿಡ ಮದ್ದಲ್ಲ, ಪಕ್ಕದ ಮನೆಯವನ ಬುದ್ಧಿ ಯಾರಿಗೆ ಬೇಕು?

ಝುಲ್ಮಿರಾಳ ಅಂಗಳದ ರಾಣಿಯೆಂದರೆ 'ಮದುಮಗಳು'. ಸಿಂಬಿಡಿಯಂ ಜಾತಿಯ ಬಿಳಿ ಆರ್ಕಿಡ್, ಎಲ್ಲ ಗಿಡಗಳ ಹೂವು ಮುಗಿದ ಮೇಲೆ ತಾನು ಬಿಡುವ ಜಂಬದವಳು. ಝುಲ್ಮಿರಾಳ ತಾಯಿ ಇಂಗ್ಲಿಷರ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದಾಗ ಕಸಕ್ಕೆ ಬಿಸಾಡಿದ್ದ ಒಂದು ಒಣಗಿದ ಗಡ್ಡೆಯನ್ನು ಮಡಿಲಲ್ಲಿ ಕಟ್ಟಿಕೊಂಡು ತಂದು ಬದುಕಿಸಿದ ಗಿಡ. ಓಣಿಯ ಹೆಣ್ಣುಮಕ್ಕಳು ಇದರ ಹೂಗೊನೆ ಹಿಡಿದೇ ಚರ್ಚಿಗೆ ಮದುವೆಗೆ ಹೋಗಬೇಕು, ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಈ ವರ್ಷ ಪಟ್ಟಣದ ಆರ್ಕಿಡ್ ಪ್ರದರ್ಶನದವರು ಮದುಮಗಳನ್ನು ನಡುಮೇಜಿನ ಮೇಲೆ ಇಡುತ್ತೇವೆ, ಕೆಳಗೆ ನಿಮ್ಮ ಹೆಸರು, ನಿಮ್ಮ ತಾಯಿಯ ಹೆಸರು ಬರೆಸುತ್ತೇವೆ ಎಂದು ಪತ್ರ ಕಳಿಸಿದ್ದರು. ಜೀವನವಿಡೀ ಬೇರೆಯವರ ತೋಟದಲ್ಲಿ ಮಣ್ಣು ಹೊತ್ತ ತಾಯಿಯ ಹೆಸರು! ಝುಲ್ಮಿರಾ ಆ ಪತ್ರವನ್ನು ಮೀನಿನಂಗಡಿಯವನಿಗೂ ಓದಿ ಹೇಳಿದ್ದಳು.

ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಪ್ರದರ್ಶನಕ್ಕೆ ಬರುವ ಪ್ರತಿ ಗಿಡಕ್ಕೂ ಮೊದಲು ನಂಜು ರೋಗದ ಪರೀಕ್ಷೆ ಆಗಬೇಕು. ಆ ಕೆಲಸ ಮಾಡುತ್ತಿದ್ದವಳು ಅವಳ ಅಕ್ಕನ ಮಗಳು ಟೆಲ್ಮಾ. ಬುಧವಾರ ಬೆಳಿಗ್ಗೆ ಬಂದಳು. ಮದುಮಗಳ ಎಲೆಯ ಚೂರೊಂದನ್ನು ನೀರಿನಂಥ ಮದ್ದಿನ ಚೀಲದಲ್ಲಿ ಹಾಕಿ ಅರೆದು, ಅದರಲ್ಲಿ ಒಂದು ಕಾಗದದ ಪಟ್ಟಿ ನಿಲ್ಲಿಸಿದಳು.

"ಬಸುರಿಯರ ಪರೀಕ್ಷೆ ಥರಾನೇ ಇದೆಯಲ್ಲೇ. ಎರಡು ಗೆರೆ ಬಂದ್ರೆ ಸಿಹಿ ಹಂಚ್ಬೇಕಾ?"

"ಇಲ್ಲಿ ಒಂದು ಗೆರೆ ಬಂದ್ರೆ ಸಿಹಿ ಚಿಕ್ಕಮ್ಮ" ಎಂದಳು ಟೆಲ್ಮಾ.

ಎರಡು ಗೆರೆ ಬಂತು. ಟೆಲ್ಮಾ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರೊಳಗಿನ ಹಳದಿ ಗೀರು, ಕಪ್ಪು ಗುಳಿಗಳನ್ನು ತೋರಿಸಿದಳು. ಅದನ್ನು ಝುಲ್ಮಿರಾ ಎರಡು ವರ್ಷದಿಂದ ನೋಡುತ್ತಿದ್ದಳು, ಬಿಸಿಲಿನ ಕಲೆ ಎಂದುಕೊಂಡಿದ್ದಳು.

"ಔಷಧಿ?"

"ಇಲ್ಲ ಚಿಕ್ಕಮ್ಮ. ಒಂದ್ಸಲ ಒಳಗೆ ಹೋದ್ರೆ ಹೋಗಲ್ಲ. ಗಿಡ ಸುಡ್ಬೇಕು."

"ಬಂದಿದ್ದೆಲ್ಲಿಂದ?"

"ಮೊದಲ ಗಿಡ ಯಾವ್ದೋ ಯಾರಿಗ್ಗೊತ್ತು. ಆಮೇಲೆ ಗಿಡದಿಂದ ಗಿಡಕ್ಕೆ ಹೋಗೋದು ಕತ್ತಿಯಿಂದ." ಟೆಲ್ಮಾ ಗೋಡೆಯ ಮೇಲಿದ್ದ ಬಾಗುಗತ್ತಿಯ ಕಡೆ ನೋಡಿ ಕಣ್ಣು ತೆಗೆದಳು. "ಸಾರಾಯಿಗೆ ಇದು ಸಾಯಲ್ಲ. ಎಲ್ಲರ ಗಿಡ ಕತ್ತರಿಸಿ ಒಂದೇ ಲೋಟದಲ್ಲಿ ಅದ್ದಿದ್ರೆ..."

"ಮಾತು ಮುಗ್ಸು."

"ಆ ಲೋಟನೇ ರೋಗದ ಸಾರು ಆಗುತ್ತೆ."

ಝುಲ್ಮಿರಾ ತನ್ನ ಉಳಿದ ಎಂಟು ಕುಂಡಗಳನ್ನೂ ಪರೀಕ್ಷೆ ಮಾಡಿಸಿದಳು. ಆರಕ್ಕೆ ಎರಡು ಗೆರೆ. ಟೆಲ್ಮಾ ಪಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡಳು. "ನಾನು ಯಾರಿಗೂ ಹೇಳಲ್ಲ. ಹೂವು ಬಾಡಿತ್ತು, ತರಲಿಲ್ಲ ಅಂತ ಬರ್ಕೋತೀನಿ. ನೀವೂ ಸುಮ್ನಿದ್ಬಿಡಿ" ಎಂದು ಹೇಳಿ ಹೋದಳು.

ಸುಮ್ಮನಿರುವುದು ಸುಲಭವೇ ಆಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ತನ್ನ ಏಳು ಗಿಡ ಸುಟ್ಟು, ಈ ವರ್ಷ ಮೈ ಸರಿಯಿಲ್ಲ ಎಂದರೆ ಮುಗಿಯಿತು. ಐವತ್ತು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಓಣಿಯ ಗಿಡಗಳು ಒಂದೊಂದಾಗಿ ಸೊರಗಿದರೆ ಹವೆಯನ್ನು ಬೈಯುತ್ತಿದ್ದರು, ಗೊಬ್ಬರವನ್ನು ಬೈಯುತ್ತಿದ್ದರು, ಹೆಚ್ಚೆಂದರೆ ದೇವರನ್ನು ಬೈಯುತ್ತಿದ್ದರು. ಅವಳನ್ನು ಯಾರೂ ಬೈಯುತ್ತಿರಲಿಲ್ಲ. ಎರಡು ದಿನ ಝುಲ್ಮಿರಾ ಇದನ್ನೇ ಯೋಚಿಸಿದಳು. ಅವಳಿಗೆ ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಆ ಸಿಟ್ಟು ತನ್ನ ಮೇಲೇ ಎಂಬುದು ಶುಕ್ರವಾರ ಮಧ್ಯಾಹ್ನ ಗೊತ್ತಾಯಿತು. ಎದ್ದು ಓಣಿಯ ಮೇಲ್ತುದಿಗೆ ಹೋಗಿ ಫಿರ್ಮಿನೊನ ಬಾಗಿಲು ಬಡಿದಳು.

"ನೀನು ಹೇಳಿದ್ದೇ ಸರಿ. ನಾಳೆ ನಿನ್ನ ಗ್ಯಾಸ್ ಒಲೆ ತಗೊಂಡು ನನ್ನ ಅಂಗಳಕ್ಕೆ ಬಾ."

ಅವನು ಎಲ್ಲವನ್ನೂ ಕೇಳಿದ. ಆರು ವರ್ಷದ ನಗೆಗೆ ಬಡ್ಡಿ ಸಮೇತ ನಗಬಹುದಿತ್ತು, ನಗಲಿಲ್ಲ. ಒಳ್ಳೆಯ ಮನುಷ್ಯ. "ಎಲ್ಲರ ಮುಂದೆ ಯಾಕೆ ಹೇಳ್ತೀರಿ ಡೋನಾ? ಈ ವರ್ಷ ಕೈನೋವು ಅಂದ್ಬಿಡಿ. ಬೆಂಕಿ ವಿಷ್ಯ ನಾನು ನಿಧಾನಕ್ಕೆ ಹೇಳಿ ಒಪ್ಪಿಸ್ತೀನಿ."

"ನನ್ನ ಕೈಗೆ ನೋವಿಲ್ಲ ಫಿರ್ಮಿನೊ" ಎಂದಳು ಝುಲ್ಮಿರಾ.

ಶನಿವಾರ ಹೆಂಗಸರು ಎಂದಿನಂತೆ ಗಲಗಲ ಮಾಡುತ್ತಾ ಕುಂಡ ಹೊತ್ತು ಬಂದರು. ಮೇಜಿನ ಮೇಲೆ ಕತ್ತಿ ಇರಲಿಲ್ಲ, ಲೋಟ ಇರಲಿಲ್ಲ. ಮದುಮಗಳು ಮಾತ್ರ ನಾಲ್ಕು ಗೊನೆ ತುಂಬ ಹೂವು ಹೊತ್ತು ನಿಂತಿದ್ದಳು. ಝುಲ್ಮಿರಾ ಚರ್ಚಿಗೆ ಹಾಕುವ ಕಪ್ಪು ಉಡುಪು ಹಾಕಿದ್ದಳು, ಪಕ್ಕದಲ್ಲಿ ಫಿರ್ಮಿನೊ ತನ್ನ ಒಲೆ ಹಿಡಿದು ನಿಂತಿದ್ದ.

"ಯಾರೂ ಕುಂಡ ಇಳಿಸ್ಬೇಡಿ. ಮೊದ್ಲು ಮಾತು ಕೇಳಿ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಗಿಡಗಳಿಗೆ ವಾಸಿಯಾಗದ ರೋಗ ಬಂದಿದೆ, ಮನೆಮನೆಗೆ ಅದನ್ನು ಹಂಚಿದ್ದು ತನ್ನ ಕತ್ತಿ, ಫಿರ್ಮಿನೊ ಹೇಳಿದ್ದು ನಿಜ, ತಾನು ನಕ್ಕಿದ್ದು ತಪ್ಪು. ನಾಲ್ಕು ಮಾತಿನಲ್ಲಿ ಮುಗಿಸಿದಳು.

ಮೊದಲು ಬಾಯಿ ತೆರೆದವಳು ಎದುರು ಮನೆಯ ಎರ್ಮೆಲಿಂಡಾ. ಅವಳ ಮಗಳಿಗೆ ಝುಲ್ಮಿರಾ ಧರ್ಮತಾಯಿ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಆ ಮಗಳಿಗೇ ಮುಂದಿನ ಶನಿವಾರ ಮದುವೆ.

"ಐವತ್ತು ವರ್ಷ ನೀವು ನಮ್ಮ ಮನೆಗೆ ಹೂವು ಕೊಟ್ರಿ ಅಂದ್ಕೊಂಡಿದ್ವಿ ಕೊಮಾದ್ರೆ. ರೋಗ ಕೊಟ್ಟಿದ್ದೀರಿ!"

"ಹೌದು. ಎರಡೂ ನಾನೇ ಕೊಟ್ಟಿದ್ದು" ಎಂದಳು ಝುಲ್ಮಿರಾ. "ಹೂವು ಬಿಟ್ಟಾಗ ನನ್ನ ಹೆಸರು ಹೇಳಿದ್ರಿ. ಇದಕ್ಕೂ ನನ್ನ ಹೆಸರೇ ಹೇಳಿ. ಹವೆ ಮೇಲೆ ಹಾಕ್ಬೇಡಿ."

ಹಾಗೆ ಹೇಳಿ, ಎಲ್ಲರ ಮುಂದೆ ಮದುಮಗಳ ನಾಲ್ಕು ಗೊನೆಯನ್ನೂ ಕೈಯಲ್ಲೇ ಮುರಿದು ಮೇಜಿನ ಮೇಲೆ ಇಟ್ಟಳು. "ಹೂವಿಂದ ಮದುವೆಗೇನೂ ಆಗಲ್ಲ. ಬೇರೆ ಗಿಡದ ಹತ್ರ ಇಡ್ಬೇಡ, ಆಮೇಲೆ ಸುಟ್ಬಿಡು" ಎಂದು ಎರ್ಮೆಲಿಂಡಾಗೆ ಹೇಳಿದಳು. ತಾಯಿಯ ಗಿಡವನ್ನು ಕುಂಡದಿಂದ ಕಿತ್ತು ಗೋಣಿಚೀಲಕ್ಕೆ ತುರುಕಿ, ಹಿತ್ತಲಿನ ಡ್ರಮ್ಮಿನೊಳಗೆ ತಾನೇ ಬೆಂಕಿ ಹಾಕಿದಳು. ಹಸಿ ಗಡ್ಡೆ ಬೇಗ ಹತ್ತಿಕೊಳ್ಳಲಿಲ್ಲ, ಮತ್ತೆ ಮತ್ತೆ ಕಡ್ಡಿ ಗೀರಬೇಕಾಯಿತು. ಅವಳು ಅತ್ತಳು, ಮುಚ್ಚಿಡಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. ಎರ್ಮೆಲಿಂಡಾ ಹೂವು ಎತ್ತಿಕೊಂಡು ಹೋದಳು.

ಮುಂದಿನ ಎರಡು ವಾರ ಟೆಲ್ಮಾ ಮತ್ತು ಫಿರ್ಮಿನೊ ಪರೀಕ್ಷೆಯ ಪಟ್ಟಿ ಹಿಡಿದು ಮನೆ ಮನೆ ತಿರುಗಿದರು. ಹಿಂದೆ ಝುಲ್ಮಿರಾ. ಬೇಡ ಎಂದರೂ ಕೇಳಲಿಲ್ಲ. ಕೆಲವು ಮನೆಯವರು ಅವಳ ಮುಖ ನೋಡಲಿಲ್ಲ, ಒಬ್ಬಳು ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆ ಕಾಫಿ ಕೊಟ್ಟಳು. ಝುಲ್ಮಿರಾ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕಾದಳು, ಎರಡು ಗೆರೆ ಬಂದ ಕುಂಡಗಳನ್ನು ಹೊತ್ತು ಡ್ರಮ್ಮಿಗೆ ಸಾಗಿಸಿದಳು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡಳು. ಎಪ್ಪತ್ತು ಕುಂಡಗಳಲ್ಲಿ ಐವತ್ತೊಂದು ಹೋದವು. ವರ್ಷಗಳಿಂದ ಮನೆಮನೆಗೆ ಹೋಗಿದ್ದ ಮದುಮಗಳ ಪಾಲುಗಳಲ್ಲಿ ಒಂದೂ ಉಳಿಯಲಿಲ್ಲ.

ಹಾಗೆಂದು ಎಲ್ಲರೂ ತಿಳಿದಿದ್ದರು. ಮದುವೆ ಮುಗಿದ ಮರುವಾರ, ಶನಿವಾರ ಬೆಳಿಗ್ಗೆ, ಎರ್ಮೆಲಿಂಡಾ ಮತ್ತು ಅವಳ ಗಂಡ ಒಂದು ದೊಡ್ಡ ಕುಂಡವನ್ನು ಅಡ್ಡಡ್ಡ ಹೊತ್ತುಕೊಂಡು ಝುಲ್ಮಿರಾಳ ಅಂಗಳಕ್ಕೆ ಬಂದರು. ಹಿಂದೆ ಓಣಿಯೇ ಬಂತು. ಕುಂಡ ಎರಡು ಕಡೆ ಸೀಳಿತ್ತು, ಗಡ್ಡೆಗಳು ಒಂದರ ಮೇಲೊಂದು ಹತ್ತಿ ಹೊರಗೆ ಚೆಲ್ಲಿದ್ದವು.

"ಇದೂ ಮದುಮಗಳೇ, ನಿಮ್ಮಮ್ಮ ನನ್ನ ಮದುವೆಗೆ ಕೊಟ್ಟಿದ್ದು" ಎಂದಳು ಎರ್ಮೆಲಿಂಡಾ ನೆಲ ನೋಡುತ್ತಾ. "ಬಟ್ಟೆ ಒಗೆಯೋ ತೊಟ್ಟಿ ಹಿಂದೆ ಇಟ್ಟಿದ್ದೆ. ಪಾಲು ಮಾಡಕ್ಕೆ ತಂದ್ರೆ ಎಲ್ರಿಗೂ ಒಂದೊಂದು ಕೊಡ್ಬೇಕಾಗುತ್ತೆ ಅಂತ ತರ್ಲೇ ಇಲ್ಲ. ಹೂವೂ ಕತ್ತರಿಸ್ಲಿಲ್ಲ. ನಿನ್ನೆ ಟೆಲ್ಮಾ ನೋಡಿದ್ಲು. ಒಂದೇ ಗೆರೆ."

ಎಂಜಲು ಕೈಯಲ್ಲಿ ಕಾಗೆ ಓಡಿಸದವಳ ಜಿಪುಣತನ ಓಣಿಯ ಮದುಮಗಳನ್ನು ಉಳಿಸಿತ್ತು! ಅಂಗಳದಲ್ಲಿ ಎದ್ದ ನಗೆ ಚರ್ಚಿನವರೆಗೂ ಕೇಳಿಸಿರಬೇಕು. ಎರ್ಮೆಲಿಂಡಾಳೂ ನಕ್ಕಳು, ಬೇರೆ ದಾರಿ ಇರಲಿಲ್ಲ.

ಝುಲ್ಮಿರಾ ನಗಲಿಲ್ಲ. ಕುಂಡದ ಪಕ್ಕ ಮಂಡಿಯೂರಿ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಒಂದು ಗೀರಿಲ್ಲ, ಒಂದು ಗುಳಿಯಿಲ್ಲ. ಅವಳು ಎದ್ದು, ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಸರಿದು ನಿಂತಳು.

"ಯಾರು ಪಾಲು ಮಾಡೋದು?" ಎಂದು ಒಬ್ಬಳು ಕೇಳಿದಳು. "ಡಾಕ್ಟ್ರೇ ಮಾಡ್ಲಿ" ಎಂದಳು ಇನ್ನೊಬ್ಬಳು.

ಫಿರ್ಮಿನೊ ಗ್ಯಾಸ್ ಒಲೆ ಮೇಜಿನ ಮೇಲಿಟ್ಟು, ಒಲ್ಲೆನೆಂದು ತಲೆಯಾಡಿಸಿದ. "ಬೆಂಕಿ ಹಿಡಿಯೋದು ನಂಗೊತ್ತು. ಇಷ್ಟು ಹೆಣೆದುಕೊಂಡಿರೋ ಗಡ್ಡೆ ಎಲ್ಲಿ ಬಿಡುತ್ತೆ ಅಂತ ನಂಗೊತ್ತಿಲ್ಲ. ನಾನು ಕೈ ಹಾಕಿದ್ರೆ ಅರ್ಧ ಸಾಯುತ್ತೆ. ಪುಸ್ತಕದಲ್ಲಿ ಅದಿಲ್ಲ."

ಎರ್ಮೆಲಿಂಡಾ ಏಪ್ರನ್ನಿನ ಜೇಬಿಂದ ತನ್ನ ಅಡುಗೆಮನೆಯ ಮೀನು ಕುಯ್ಯುವ ಚಾಕು ತೆಗೆದಳು. ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗಳಿಗೆ ಓಡಿದರು. ಬ್ರೆಡ್ಡು ಕುಯ್ಯುವುದು, ಈರುಳ್ಳಿ ಹೆಚ್ಚುವುದು, ಹಿಡಿಗೆ ದಾರ ಸುತ್ತಿದ್ದು, ಹೀಗೆ ಮನೆಗೊಂದು ಚಾಕು ಮೇಜಿನ ಮೇಲೆ ಸಾಲಾಗಿ ಬಿತ್ತು. ಕಾಫಿ ಕೊಡದವಳ ಚಾಕುವೂ ಇತ್ತು.

"ಕತ್ತಿ ನಮ್ಮನಮ್ಮದು ಕೊಮಾದ್ರೆ, ಕೈ ನಿಮ್ದು" ಎಂದಳು ಎರ್ಮೆಲಿಂಡಾ. "ನಮ್ಮ ಗಿಡಕ್ಕೆ ಬೇರೆಯವರ ಕೈ ಹಾಕ್ಸಿ ನಮಗೆ ಅಭ್ಯಾಸ ಇಲ್ಲ. ಬನ್ನಿ, ನಿಂತ್ಕೊಂಡು ಏನ್ ನೋಡ್ತೀರಿ?"

ಝುಲ್ಮಿರಾ ಒಳಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದಳು. ಫಿರ್ಮಿನೊ ಎರ್ಮೆಲಿಂಡಾಳ ಚಾಕುವನ್ನು ಉರಿಗೆ ಹಿಡಿದು, ಆರಿಸಿ, ಝುಲ್ಮಿರಾಳ ಕೈಗೆ ಕೊಟ್ಟ. ಅವಳು ಕಣ್ಣು ಮುಚ್ಚಿ ಬೇರಿನ ನಡುವೆ ಹೆಬ್ಬೆರಳು ಆಡಿಸಿದಳು. ಒಂದು ಕಡೆ ನಿಲ್ಲಿಸಿ, ಒಂದೇ ಸಲಕ್ಕೆ ಕೊಯ್ದಳು. ಮೂರು ಗಡ್ಡೆಯ ಮೊದಲ ಪಾಲು ಬೇರು ಹರಿಯದೆ ಬಿಟ್ಟುಬಂತು. ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಆಮೇಲೆ" ಎಂದು ಝುಲ್ಮಿರಾ ಗದರಿದಳು, ಅವಳ ಹಳೆಯ ದನಿಯಲ್ಲೇ. "ಮುಂದಿನ ಚಾಕು ಯಾರ್ದು? ಬೆಂಕಿಗೆ ಹಿಡೀರಿ ಡಾಕ್ಟ್ರೇ, ಹೊತ್ತಾಗುತ್ತೆ."