ಹೊಸ ಎತ್ತಿಗೆ ಮನೆ ತೋರಿಸಿದ್ದು

ಕರಬಸಪ್ಪನ ಮನೆತನದಲ್ಲಿ ಹೊಸ ಎತ್ತು ತಂದರೆ ಸೀದಾ ಕೊಟ್ಟಿಗೆಯ ಗ್ವಾದಲಿಗೆ ಕಟ್ಟುವ ರೂಢಿಯಿಲ್ಲ. ಅಂಗಳದ ನಡುವೆ ನಿಲ್ಲಿಸಿ ಕಾಲಿಗೆ ನೀರು ಹಾಕಬೇಕು, ಹಣೆಗೆ ಅರಿಷಿಣ ಕುಂಕುಮ ಹಚ್ಚಬೇಕು, ಮುಖವನ್ನು ಬಾಗಿಲ ಕಡೆ ತಿರುಗಿಸಿ "ಇದ ನಿನ್ನ ಮನಿ, ನೆನಪಿಟ್ಕೊ" ಅನ್ನಬೇಕು. ಅನ್ನದಿದ್ದರೆ ಅದು ಹಗ್ಗ ಹರಿದುಕೊಂಡು ಹಳೆಯ ಒಡೆಯನ ಊರಿಗೆ ಓಡುತ್ತದಂತೆ.

ಹಾಗಾಗಿ ಸೊಸೆ ಶೈಲಶ್ರೀ ತರಬೇತಿ ಮುಗಿಸಿ, ಮಹಿಳಾ ಸಂಘದ ಹೆಸರಲ್ಲಿ ಬೆಳೆಗೆ ಎಣ್ಣೆ ಹೊಡೆಯುವ ಡ್ರೋನ್ ತಂದ ದಿನ ಅದಕ್ಕೂ ಅದೇ ಮರ್ಯಾದೆ ಸಿಕ್ಕಿತು. ಆರು ರೆಕ್ಕೆ, ನಾಲ್ಕು ಕಾಲು, ಹೊಟ್ಟೆಯಲ್ಲಿ ಒಂದು ಟ್ಯಾಂಕು. ಅತ್ತೆ ದಾನವ್ವ ಚೆಂಬಿನಿಂದ ನಾಲ್ಕೂ ಕಾಲಿಗೆ ನೀರು ಹಾಕಿದಳು.

"ಹಣಿ ಎಲ್ಲೈತಿ ಇದಕ್ಕ?" ಅಂದಳು.

"ಆ ಕ್ಯಾಮೆರಾನ ಹಣಿ ಅಂದ್ಕೊಳ್ರಿ ಅತ್ತಿ. ಆದ್ರ ಅದಕ್ಕ ಕುಂಕುಮ ಹಚ್ಚಬ್ಯಾಡ್ರಿ, ಕಣ್ಣೂ ಅದ."

ಪಕ್ಕದ ಹೊಲದ ಗುದ್ಲೆಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಬಸ್ ಕಂಡಕ್ಟರನಿಂದ ಹಿಡಿದು ತಹಸೀಲ್ದಾರರ ಕೆಮ್ಮಿನ ತನಕ ಯಾರ ದನಿಯನ್ನಾದರೂ ತನ್ನ ಗಂಟಲಿಗೆ ಕರೆಸಿಕೊಳ್ಳುವ ಮನುಷ್ಯ. "ಕರಬಸಣ್ಣ, ಹಲ್ಲು ನೋಡಿ ತಂದಿಯೋ ಇಲ್ಲೋ?" ಅಂದ.

"ಹಲ್ಲಿಲ್ಲೋ, ರೆಕ್ಕಿ ಅದಾವು. ಕೈ ಹಾಕು, ಹಲ್ಲು ಎಲ್ಲದಾವು ಅಂತ ಗೊತ್ತಾಕ್ಕೈತಿ." ಕರಬಸಪ್ಪ ಸೊಸೆಯ ಕಡೆ ತಿರುಗಿದ. "ಯವ್ವ ಶೈಲಾ, ಇದಕ್ಕ ಮನಿ ತೋರಿಸೋದು ಹೆಂಗ?"

ಶೈಲಶ್ರೀಗೆ ನಗು ಬಂತು. ಮಾವನ ಮನಸ್ಸು ಮುರಿಯಬಾರದೆಂದು ಡ್ರೋನ್ ಚಾಲೂ ಮಾಡಿ, ಟ್ಯಾಬಿನ ಪರದೆಯ ಮೇಲಿನ ಪುಟ್ಟ ಮನೆಯ ಚಿತ್ರವನ್ನು ಒತ್ತಿ ಹಿಡಿದಳು. ಮನೆ ಗುರುತಾಯಿತೆಂದು ಪರದೆ ಹೇಳಿತು. "ನೆನಪಿಟ್ಕೊಂತ್ರಿ ಮಾವಾ," ಅಂದಳು. ಕರಬಸಪ್ಪ ಅದರ ಬೆನ್ನು ತಟ್ಟಿದ.

ಮರುದಿನ ಬೆಳಿಗ್ಗೆ ಮೊದಲ ಕೆಲಸ. ದಾನವ್ವ ಸೊಸೆಯ ಕೂಸಿನ ಮೈಗೆ ಎಣ್ಣೆ ತಿಕ್ಕುತ್ತಿದ್ದಳು, ಶೈಲಶ್ರೀ ಟ್ಯಾಂಕಿಗೆ ಎಣ್ಣೆ ಬೆರೆಸುತ್ತಿದ್ದಳು. ಒಂದು ಎಣ್ಣೆ ಕೂಸು ಬೆಳೆಯಲಿ ಅಂತ, ಇನ್ನೊಂದು ಹುಳು ಸಾಯಲಿ ಅಂತ. ನಮ್ಮ ಕಡೆ ಎರಡಕ್ಕೂ ಒಂದೇ ಹೆಸರು, ವಾಸನೆ ಮಾತ್ರ ಬೇರೆ.

ಹೊಲ ದಿನ್ನೆಯ ಎರಡೂ ಬದಿಗಿದೆ; ಎಣ್ಣೆ ಹೊಡೆಯಬೇಕಾದದ್ದು ಆಚೆ ಬದಿಗೆ, ಇವರು ಇದ್ದದ್ದು ಈಚೆ ಬದುವಿನ ಮೇಲೆ. ತಲೆ ಮುಳುಗುವ ಗೋವಿನಜೋಳ. ರಿಮೋಟಿನ ಸಿಗ್ನಲ್ಲು ದಿನ್ನೆ ದಾಟುವುದಿಲ್ಲ. ಅದಕ್ಕೇ ಹಾನಗಲ್ಲಿನ ಡ್ರೋನ್ ಮೆಕ್ಯಾನಿಕ್ ಮಾಲತೇಶ ಡ್ರೋನಿನೊಳಗೆ ಒಂದು ಮೊಬೈಲ್ ಸಿಮ್ ಕೂರಿಸಿಕೊಟ್ಟಿದ್ದ. ಅದು ಎಷ್ಟು ಎತ್ತರದಲ್ಲಿದೆ, ಎಲ್ಲಿದೆ, ಬ್ಯಾಟರಿ ಎಷ್ಟಿದೆ ಅನ್ನುವ ಅಂಕಿಗಳೂ, ಕ್ಯಾಮೆರಾದ ಚಿತ್ರವೂ ಟವರಿನ ಮೂಲಕ ಟ್ಯಾಬಿಗೆ ಬರುತ್ತವೆ. ಶೈಲಶ್ರೀಯ ಅಪ್ಪಣೆಗಳು ಅದೇ ದಾರಿಯಲ್ಲಿ ಹೋಗುತ್ತವೆ.

"ಅಂದ್ರ ಇದಕ್ಕೂ ಒಂದು ನಂಬರ್ ಐತಿ," ಬದುವಿನ ಮೇಲೆ ಕೂತ ಗುದ್ಲೆಪ್ಪ ಅಂದ. "ಮಿಸ್ ಕಾಲ್ ಕೊಟ್ರ ಬರ್ತೈತೇನು?"

"ಕರೀದನೂ ಬರ್ತೈತಿ ಕಾಕಾ. ನೆಟ್‌ವರ್ಕ್ ಕಡಿದ್ರ ತಾನ ಮನಿಗೆ ಬರ್ತೈತಿ."

"ನಮ್ಮ ಹುಡುಗರಿಗೂ ಒಂದೊಂದು ಇಂಥಾ ಸಿಮ್ ಹಾಕವ್ವ."

ಡ್ರೋನ್ ಎದ್ದು ದಿನ್ನೆ ದಾಟಿತು. ಪರದೆಯ ಮೇಲೆ ಹಸಿರು ಹರಿಯಿತು. ಗುದ್ಲೆಪ್ಪ ಬಗ್ಗಿ ನೋಡಿದ. "ಈಗ ನಮ್ಮ ಬೇವಿನ ಗಿಡದ ಮ್ಯಾಲ ಐತಿ."

"ಇತ್ತು. ಚಿತ್ರ ಯಾವಾಗ್ಲೂ ಸ್ವಲ್ಪ ಹಿಂದ ಇರ್ತೈತ್ರಿ. ಅಂಕಿ ಹಗುರ, ಲಗೂನ ಬರ್ತಾವು. ಚಿತ್ರ ಭಾರ, ತಡಾ ಮಾಡ್ತೈತಿ. ನಾವು ಕಾಣೋದು ಆಗಿ ಹೋಗಿದ್ದು."

"ಪಂಚಾಂಗದಾಗ ನಿನ್ನಿ ಭವಿಷ್ಯ ಓದಿದಂಗ," ಅಂದ ಗುದ್ಲೆಪ್ಪ. ಆಮೇಲೆ ಫೋನಿನೊಳಗಿನ ಹೆಣ್ಣುಮಗಳಾಗಿ ಕತ್ತು ಓರೆ ಮಾಡಿ, ತೆಳ್ಳಗೆ ನುಲಿದ: "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ." ಕರಬಸಪ್ಪ ತಂಬಾಕು ಉಗುಳಿ ನಕ್ಕ.

ಆಗ ಸುತ್ತಲಿನ ಪಂಪ್‌ಸೆಟ್ಟುಗಳ ಸಪ್ಪಳ ನಿಂತಿತು. ಕರೆಂಟು ಹೋಗಿತ್ತು.

ಮೊದಲು ಯಾರೂ ಗಮನ ಕೊಡಲಿಲ್ಲ. ದಿನಾ ಹೋಗುವ ಕರೆಂಟು. ಆದರೆ ಊರ ಟವರಿನ ಬ್ಯಾಟರಿಗಳನ್ನು ಹೋದ ತಿಂಗಳು ಯಾರೋ ಕದ್ದೊಯ್ದಿದ್ದರು. ಕರೆಂಟು ಹೋದರೆ ಟವರೂ ಹೋಗುತ್ತದೆ ಅನ್ನುವುದು ಶೈಲಶ್ರೀಗೆ ನೆನಪಾದದ್ದು ಪರದೆಯ ಅಂಕಿಗಳೆಲ್ಲ ಅಳಿಸಿ ಹೋದಾಗ. ಚಿತ್ರ ಮಾತ್ರ ಇದ್ದಲ್ಲೇ ನಿಂತಿತ್ತು: ಗಾಳಿಗೆ ಬಾಗಿದ ಗೋವಿನಜೋಳ ಬಾಗಿದಂತೆಯೇ.

"ಬರ್ತೈತಿ ಬಿಡು," ಅಂದ ಕರಬಸಪ್ಪ. "ನೀನ ಹೇಳಿದೆಲ್ಲ, ನೆಟ್‌ವರ್ಕ್ ಕಡಿದ್ರ ಮನಿಗೆ ಬರ್ತೈತಿ ಅಂತ."

ಶೈಲಶ್ರೀ ಬದುವಿನ ಮೇಲೆ ಬೆಳಿಗ್ಗೆ ಡ್ರೋನ್ ಇಟ್ಟ ಜಾಗ ನೋಡಿದಳು. ಪ್ರತಿಸಲ ಎದ್ದ ಜಾಗವೇ ಅದಕ್ಕೆ ಮನೆ. ಆದರೆ ಒಮ್ಮೆ ಕೈಯಿಂದ ಒತ್ತಿ ತೋರಿಸಿದರೆ ಆ ಮನೆಯನ್ನು ಅದು ತಾನಾಗಿ ಮರೆಯುವುದಿಲ್ಲ, ಮರೆಸಬೇಕು. ತರಬೇತಿಯಲ್ಲಿ ಹೇಳಿದ್ದರು. ಅವಳು ಮರೆಸಿರಲಿಲ್ಲ.

"ಮಾವಾ, ನಿನ್ನಿ ಅಂಗಳದಾಗ ಮನಿ ತೋರಿಸಿದ್ವಲ್ಲ," ಅಂದಳು. "ಅಲ್ಲೇ ಹೊಂಟೈತಿ."

"ಹೋಗ್ಲಿ ಬಿಡವ್ವ. ಮನಿಗೇ ಹೋತಲ್ಲ."

"ಈಗ ಅತ್ತಿ ಕೂಸಿಗೆ ನೀರು ಹಾಕಿ, ಎಳಿಬಿಸಲಿಗೆ ತೊಟ್ಟಿಲಾ ಎಲ್ಲಿ ಇಡ್ತಾರ್ರಿ?"

ಕರಬಸಪ್ಪ ಎದ್ದು ನಿಂತ. ಅಂಗಳದಲ್ಲಿ ಬೆಳಗಿನ ಬಿಸಿಲು ಬೀಳುವುದು ನಡುವಿಗೆ ಮಾತ್ರ.

ಶೈಲಶ್ರೀ ಅತ್ತೆಗೆ ಫೋನ್ ಹಚ್ಚಿದಳು; ದೂರದ ಯಾವುದೋ ಟವರಿನ ಒಂದು ಗೆರೆ ಸಿಕ್ಕಿತು. ತೆಳ್ಳಗಿನ ದನಿಯೊಂದು ಚಂದಾದಾರರು, ವ್ಯಾಪ್ತಿ ಪ್ರದೇಶ ಅಂದಿತು.

"ಕಾಕಾ, ಈಗ ಬ್ಯಾಡ್ರಿ. ಸುಮ್ನಿರ್ರಿ."

"ನಾ ಮಾತಾಡಿಲ್ಲವ್ವ," ಅಂದ ಗುದ್ಲೆಪ್ಪ.

ಆಮೇಲೆ ಫೋನಿನಲ್ಲಿ ಆ ದನಿಯೂ ಇಲ್ಲವಾಯಿತು. ಕರಬಸಪ್ಪ ಬೈಕಿನ ಕಡೆ ಓಡಿದ. ಹತ್ತು ಹೆಜ್ಜೆ ಅವನ ಹಿಂದೆ ಓಡಿದ ಶೈಲಶ್ರೀ ನಿಂತುಬಿಟ್ಟಳು. ಬೈಕು ಬಂಡಿದಾರಿ ಸುತ್ತಿ ಹೋಗಬೇಕು, ಅದು ನೆಟ್ಟಗೆ ಹಾರುತ್ತದೆ. ನೆಟ್‌ವರ್ಕ್ ಬಂದರೆ ಅದನ್ನು ನಿಲ್ಲಿಸಬಲ್ಲವಳು ತಾನೊಬ್ಬಳೇ. ಓಡಬೇಕಾದ ತಾಯಿ ಬದುವಿನ ಮೇಲೆ ಕೂತಳು.

ಗುದ್ಲೆಪ್ಪ ಅವಳ ಪಕ್ಕ ನಿಂತ. ಅವನ ಗಂಟಲಲ್ಲಿದ್ದ ಊರೆಲ್ಲ ಖಾಲಿಯಾಗಿತ್ತು. "ದಾನವ್ವ ನೋಡಿದ್ರ ಕೂಸಿನ್ನ ಎತ್ತಿಕೊಂಡು ಒಳಗ ಹೋಗ್ತಾಳ ಬಿಡು," ಅಂದ.

"ಇಲ್ರಿ ಕಾಕಾ. ಹೊಸಾ ಎತ್ತು ಮೊದಲನೇ ಸಲ ತಾನಾಗಿ ಮನಿಗೆ ಬಂದ್ರ ಅತ್ತಿ ಏನ್ ಮಾಡ್ತಾರ?"

ಗುದ್ಲೆಪ್ಪ ಊರಿನ ಕಡೆ ತಿರುಗಿ ನೋಡಿದ. ಕಾಲಿಗೆ ನೀರು ಹಾಕಲು ದಾನವ್ವ ಚೆಂಬು ತುಂಬಿಕೊಂಡು ಎದುರಿಗೆ ಹೋಗುತ್ತಾಳೆ.

ಪರದೆಯ ಮೇಲೆ ಗೋವಿನಜೋಳ ಇನ್ನೂ ಬಾಗಿಯೇ ಇತ್ತು. ಗಾಳಿಯಿಲ್ಲ, ಪಂಪಿಲ್ಲ. ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗಿ ನಿಲ್ಲಿಸಿತು.

ಒಂದು ಪಂಪ್‌ಸೆಟ್ ಗುರುಗುಟ್ಟಿತು. ಇನ್ನೊಂದು. ಕರೆಂಟು ಬಂದಿತ್ತು. ಟವರಿಗೆ ಜೀವ ಬರಲು ಮತ್ತಷ್ಟು ಹೊತ್ತು. ಶೈಲಶ್ರೀ ಹೆಬ್ಬೆರಳನ್ನು "ನಿಲ್ಲು" ಅನ್ನುವ ಗುಂಡಿಯ ಮೇಲಿಟ್ಟು ಒತ್ತುತ್ತಲೇ ಇದ್ದಳು.

ಅಂಕಿಗಳು ಬಂದವು. ಎತ್ತರ ಒಂಬತ್ತು ಮೀಟರ್. ಏಳು. ಐದು. ಮೂರು. ಎರಡು.

ಎರಡರಲ್ಲಿ ನಿಂತಿತು.

ಅಪ್ಪಣೆ ಮುಟ್ಟಿತ್ತು. ಆದರೆ ಬ್ಯಾಟರಿಯ ಅಂಕಿ ಕೆಂಪಾಗಿತ್ತು. ಹೆಚ್ಚು ಹೊತ್ತು ತೇಲಲಾರದು. ಪಕ್ಕಕ್ಕೆ ಸರಿಸಬೇಕು. ಯಾವ ಪಕ್ಕಕ್ಕೆ? ಚಿತ್ರ ಈಗಷ್ಟೇ ಅಲುಗತೊಡಗಿತ್ತು, ತುಂಬಾ ಹಿಂದಿನದು: ಊರಿನ ಹಂಚುಗಳು, ಬೇವಿನ ತುದಿ, ಅಂಗಳ, ಅಂಗಳದ ನಡುವೆ ಕೈವಸ್ತ್ರದಷ್ಟು ತೊಟ್ಟಿಲು. ಅಡುಗೆಮನೆಯ ಬಾಗಿಲಿಂದ ದಾನವ್ವ ಹೊರಬರುತ್ತಿದ್ದಳು. ಕೈಯಲ್ಲಿ ಚೆಂಬು. ಈಗ ಅವಳು ಎಲ್ಲಿದ್ದಾಳೆ, ಎಡಕ್ಕೋ ಬಲಕ್ಕೋ, ಚಿತ್ರ ಹೇಳುವ ಹೊತ್ತಿಗೆ ಆಗಿಹೋಗಿರುತ್ತದೆ.

ದಾನವ್ವ ಅಡುಗೆಮನೆಯಿಂದ ತೊಟ್ಟಿಲಿಗೆ ಬರುವವಳು. ಹಾಗಾದರೆ ಎದುರು ಬದಿಯ ಕೊಟ್ಟಿಗೆಯ ಕಡೆ ಇರಲಾರಳು. ಎತ್ತುಗಳು ಹೊಲಕ್ಕೆ ಬಂದಿವೆ. ಶೈಲಶ್ರೀ ಕಣ್ಣು ಮುಚ್ಚಿ ಡ್ರೋನನ್ನು ಕೊಟ್ಟಿಗೆಯ ಕಡೆ ನೂಕಿದಳು.

ಅಂಕಿಗಳು ಒಮ್ಮೆಲೇ ಸೊನ್ನೆಯಾದವು.

ಫೋನು ಬಡಿದುಕೊಂಡಿತು. ದಾನವ್ವ. "ಶೈಲಾ, ಬಂದಿತ್ತ ನೋಡು ನಿನ್ನ ಎತ್ತು. ಕಾಲಿಗೆ ನೀರು ಹಾಕೋಣಂದ್ರ ಕೆಳಗ ಇಳೀಲಿಲ್ಲ. ಕೊಟ್ಟಿಗಿ ಹಂಚು ಒಡದು ಗ್ವಾದಲ್ಯಾಗ ಬಿದ್ದೈತಿ."

"ಕೂಸು, ಅತ್ತಿ?"

"ಕೂಸು ತೊಟ್ಟಿಲದಾಗ ಐತಿ. ಅಳಾಕತ್ತೈತಿ. ಮ್ಯಾಲ ನಿಂತಾಗ ಅದರ ಹೊಟ್ಟಿಯಿಂದ ಏನೋ ತೊಟ್ಟಿಕ್ಕಿತವ್ವ. ಮುಖಾ ಎಲ್ಲಾ ಹಸಿ ಆಗೈತಿ, ವಾಸನಿ ಬರಾಕತ್ತೈತಿ."

"ಚೆಂಬು ಎಲ್ಲೈತ್ರಿ? ಕೈಯಾಗ ಐತೇನ್ರಿ? ಆ ನೀರು ಕೂಸಿನ ಮ್ಯಾಲ ಸುರೀರಿ. ಕಣ್ಣಿಗೆ, ಬಾಯಿಗೆ. ಸೆರಗಿಲೆ ಒರಸಬ್ಯಾಡ್ರಿ, ಸುರೀರಿ. ಹಂಡೇದಾಗಿಂದ ಮತ್ತ ತುಂಬ್ರಿ, ಸುರೀತಾನ ಇರ್ರಿ. ಮಾವಾರು ಬಂದಕೂಡ್ಲೆ ತಿಳವಳ್ಳಿ ದವಾಖಾನಿಗೆ ಒಯ್ರಿ, ಡಾಕ್ಟರಿಗೆ ತೋರಿಸಾಕ ಎಣ್ಣಿ ಡಬ್ಬಿ ತಗೊಂಡು ನಾ ಅಲ್ಲಿಗೇ ಬರ್ತೇನಿ."

ನೀರು ಸುರಿಯುವ ಸಪ್ಪಳ ಕೇಳಿಸಿತು. ಕೂಸಿನ ಅಳು ನಿಂತಿತು. ಮತ್ತೆ ನೀರು. ಮತ್ತೆ.

ಗುದ್ಲೆಪ್ಪ ಎಣ್ಣೆಯ ಖಾಲಿ ಡಬ್ಬಿ ಹಿಡಿದು, ಅದರ ಸಣ್ಣ ಅಕ್ಷರಗಳನ್ನು ತುಟಿ ಅಲುಗಿಸುತ್ತ ಓದುತ್ತಿದ್ದ. ಶೈಲಶ್ರೀ ಫೋನನ್ನು ಕಿವಿಗೆ ಒತ್ತಿ ಹಿಡಿದು ಮಗುವಿನ ಅಳುವಿಗೆ ಕಾಯುತ್ತಿದ್ದಳು. ತೊಡೆಯ ಮೇಲಿನ ಪರದೆಯ ತಡವಾದ ಚಿತ್ರದಲ್ಲಿ ಡ್ರೋನ್ ಇನ್ನೂ ಇಳಿಯುತ್ತಲೇ ಇತ್ತು. ತೊಟ್ಟಿಲು ದೊಡ್ಡದಾಗುತ್ತಿತ್ತು. ಕೂಸು ಎರಡೂ ಕೈ ಮೇಲೆತ್ತಿ, ಬರುವುದರ ಕಡೆ ಬಾಯಿ ತೆರೆದು ನಗುತ್ತಿತ್ತು.