ಕಲಿನಾ ತಂಡದ ಹತ್ತನೆಯವಳು

ಮೂತಿಯಲ್ಲಿ ಡ್ರ್ಯಾಗನ್ ತಲೆಯಿರುವ ಪಂದ್ಯದ ದೋಣಿಗೆ ಹುಟ್ಟು ಹಾಕಲು ಹತ್ತು ಜನ ಬೇಕು. ಮಲೇಷ್ಯಾದ ಪೆನಾಂಗಿನಲ್ಲಿದ್ದ ಉಕ್ರೇನಿನ ಹೆಂಗಸರಲ್ಲಿ ಈ ಸಲ ಒಪ್ಪಿದವರು ಒಂಬತ್ತೇ ಮಂದಿ. ಮುಂದೆ ಕೂತು ಡೋಲು ಬಾರಿಸುವವಳು ಸೊಲೋಮಿಯಾ. ಖಾರ್ಕಿವ್‌ನಲ್ಲಿ ಸಂಗೀತ ಕಲಿಸುತ್ತಿದ್ದ ಆಕೆ, ಯುದ್ಧ ಶುರುವಾದ ಮೇಲೆ ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಕೆಲಸಕ್ಕಿದ್ದ ಗಂಡನ ಬಳಿ ಬಂದಿದ್ದಳು. ಹಿಂದಿನ ವರ್ಷ ಅವರ 'ಕಲಿನಾ' ತಂಡ ಎಲ್ಲರಿಗಿಂತ ಕೊನೆಗೆ ದಡ ಸೇರಿತ್ತು. ಸೊಲೋಮಿಯಾ ತನ್ನ ಫ್ಲಾಟಿನ ನೇರ ಕೆಳಗಿನ ಮನೆಯಲ್ಲಿದ್ದ ಕನ್ನಡತಿ ಹಂಸಾಳ ಬಾಗಿಲು ತಟ್ಟಿದಳು.

"ನೀನು ಬಾ."

"ನಾನಾ? ನಂಗೆ ಈಜೇ ಬರಲ್ಲ!"

"ನಮ್ಮಲ್ಲೂ ಇಬ್ಬರಿಗೆ ಬರಲ್ಲ ಲಾ," ಎಂದಳು ಸೊಲೋಮಿಯಾ, ಮಲೇಷ್ಯಾದವರಂತೆ ಮಾತಿನ ಕೊನೆಗೆ 'ಲಾ' ಸೇರಿಸಿ. "ಲೈಫ್ ಜಾಕೆಟ್ ಇರುತ್ತೆ."

ಊಟದ ಹೊತ್ತಿಗೆ ವಿಷಯ ಕೇಳಿ ಮಗಳು ಪೂರ್ವಿ, "ಅಮ್ಮಾ, ಆರ್ ಯು ಸೀರಿಯಸ್?" ಎಂದು ನಕ್ಕಳು. ಆ ನಗುವೇ ಹಂಸಾಳನ್ನು ಒಪ್ಪಿಸಿಬಿಟ್ಟಿತು.

ಪ್ರತಿ ಭಾನುವಾರ ಬೆಳಿಗ್ಗೆ ಅಣೆಕಟ್ಟಿನ ನೀರಿನಲ್ಲಿ ಅಭ್ಯಾಸ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅಭ್ಯಾಸ ಮುಗಿದ ಮೇಲೆ ಎಲ್ಲರೂ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಪರೋಟಾದಂಥ ರೊಟಿ ಚನಾಯ್ ತಿನ್ನುತ್ತಾ ಹರಟುತ್ತಿದ್ದರು. ಅವರ ಮಾತು ಹಂಸಾಳಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಆದರೂ ಅಲ್ಲಿಂದ ಏಳಲು ಮನಸ್ಸಾಗುತ್ತಿರಲಿಲ್ಲ.

ಸ್ಪರ್ಧೆಯ ದಿನ ಕಲಿನಾ ಫೈನಲ್ ತಲುಪಿತು. ಪಕ್ಕದ ಸಾಲಿನಲ್ಲಿ ಕಳೆದ ಸಲ ಗೆದ್ದ ತಂಡ. ಅರ್ಧ ದಾರಿಯಲ್ಲಿ ಆ ದೋಣಿಯ ಅಲೆ ಬಡಿದು ಹಂಸಾಳ ಹುಟ್ಟು ತಪ್ಪಿತು. ಮುಂದಿನವಳ ಹುಟ್ಟಿಗೆ ತಾಗಿ ಇಡೀ ದೋಣಿಯ ಲಯ ಕೆಟ್ಟಿತು. ಎದುರಾಳಿ ಮುಂದೆ ಹೋಯಿತು.

"ಹಂಸಾ! ನೀರು ನೋಡ್ಬೇಡ, ಡೋಲು ಕೇಳು!" ಸೊಲೋಮಿಯಾ ಕೂಗಿದಳು.

ಹಂಸಾ ಕಣ್ಣು ಮುಚ್ಚಿದಳು. ಡೋಲು ಮೊದಲು ನಿಧಾನವಾಯಿತು. ಚದುರಿದ ಹುಟ್ಟುಗಳು ಒಟ್ಟಾದ ಮೇಲೆ ಬಿರುಸಾಯಿತು. ದೋಣಿ ಜಿಗಿಯಿತು. ಭುಜ ಕಿತ್ತುಬರುವಂತೆ ನೋಯುತ್ತಿದ್ದರೂ ಹಂಸಾ ಎಳೆದೇ ಎಳೆದಳು. ದಡದ ಕೂಗಾಟ ಹತ್ತಿರವಾಗಿ, ಡೋಲು ನಿಂತಾಗಲೇ ಅವಳು ಕಣ್ಣು ಬಿಟ್ಟಿದ್ದು.

ಅವರ ಡ್ರ್ಯಾಗನ್ನಿನ ತಲೆ ಮುಂದಿತ್ತು. ಬರೀ ತಲೆಯಷ್ಟೇ!

ದೋಣಿಯಲ್ಲೇ ಅಳು, ನಗು, ಕಿರುಚಾಟ. ದಡದಲ್ಲಿ ಪೂರ್ವಿ ಗಂಟಲು ಹರಿಯುವಂತೆ "ಅಮ್ಮಾ!" ಎನ್ನುತ್ತಿದ್ದಳು.

ಆ ಹೊತ್ತಿಗೆ ಖಾರ್ಕಿವ್‌ನಲ್ಲಿ ಪುಣ್ಯಕ್ಕೆ ಕರೆಂಟು ಇತ್ತು. ಸೊಲೋಮಿಯಾ ಒದ್ದೆ ಕೈಯಲ್ಲೇ ಅಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಪ್ ತೋರಿಸಿದಳು. ಮುದುಕಿ ಚಪ್ಪಾಳೆ ತಟ್ಟಿ, ಹಂಸಾಳತ್ತ ಬೆರಳು ಮಾಡಿ ಏನೋ ಕೇಳಿದಳು.

"ಏನಂತಾರೆ?" ಎಂದಳು ಹಂಸಾ.

"ಈ ಹುಡುಗಿ ನಮ್ಮ ಉಕ್ರೇನಿನಲ್ಲಿ ಯಾವ ಊರಿನವಳು ಅಂತ."

"ಮೈಸೂರು ಅಂತ ಹೇಳು!"

ಸೊಲೋಮಿಯಾ ಹೇಳಿದಳು. ಆ ಕಡೆಯಿಂದ ಮುದುಕಿ ಕೈಯೆತ್ತಿ ಕೂಗಿದಳು: "ಮೈಸೂರು!"