ಉದ್ಯಾನದ ಗೇಟಿನಲ್ಲಿ ಕೂತಳು ಕಾಮಿ

ಭಾವಿಕೇರಿ ಕಡೆಯ ಒಂದು ಕೇರಿ. ಅಲ್ಲಿ ಊರಿನದೇ ಒಂದು ಉದ್ಯಾನವಿತ್ತು. ಹೆಸರಿಗಷ್ಟೇ ಉದ್ಯಾನ. ಮೂಗು ಮುಚ್ಚಿಕೊಳ್ಳದೆ ಅದರ ಮುಂದೆ ನಡೆಯುವಂತಿರಲಿಲ್ಲ. ಮೀನಿನ ತಲೆ, ಒಡೆದ ಬಾಟಲಿ, ಮದುವೆಮನೆಯ ಎಂಜಲೆಲೆ, ಎಲ್ಲ ಬೀಳುತ್ತಿದ್ದುದು ಅಲ್ಲಿಗೇ.

"ಯಾರೂ ಕಾಲಿಡದ ಜಾಗ ಎಂತಕ್ಕೆ? ಮರ ಕಡ್ದು ಲಾರಿ ನಿಲ್ಸುವ" ಎಂದ ಊರ ಹಿರಿಯ ದುರ್ಗಪ್ಪ. ಮುಂದಿನ ತಿಂಗಳ ಊರಸಭೆಯಲ್ಲಿ ತೀರ್ಮಾನ ಎಂದಾಯಿತು.

ಸುದ್ದಿ ಕೇಳಿದ ದಿನ ಕಾಮಿಗೆ ಅನ್ನ ಸೇರಲಿಲ್ಲ. ಅವಳು ಅಂಕೋಲೆ ಪೇಟೆಯಲ್ಲಿ ತರಕಾರಿ ಮಾರುವವಳು. ಅವಳ ಅಂಗಳದ ಇಶಾಡ ಮಾವಿನ ಮರ ಹೋದ ಮಳೆಗಾಲದ ಗಾಳಿಗೆ ಉರುಳಿತ್ತು. ಕೇರಿಯಲ್ಲಿ ಉಳಿದ ಹಳೆಯ ಇಶಾಡ ಮರವೆಂದರೆ ಆ ಉದ್ಯಾನದ್ದೊಂದೇ. ಅವಳು ಪಕ್ಕದ ಮನೆಯ ಯೋಗಿತಾಳ ಹತ್ತಿರ ಓಡಿದಳು. ಯೋಗಿತಾ ಕಾರವಾರದ ನರ್ಸರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು.

"ತಂಗೀ, ಅದನ್ನೂ ಕಡಿದ್ರೆ ಆ ತಳಿ ಎಲ್ಲಿಂದ ತರುದು?"

"ಅದಕ್ಕೇ ಅಕ್ಕಾ, ಊರಿಗೊಂದು ಉದ್ಯಾನ ಬೇಕು. ಮನೆಯ ಮರ ಬಿದ್ರೂ ಅಲ್ಲಿಯ ಮರದ ಕಡ್ಡಿ ತಂದು ಕಸಿ ಕಟ್ಟಬಹುದು. ಮೇ ತಿಂಗಳಲ್ಲಿ ಹೊರದೇಶದವರು ಉದ್ಯಾನಗಳಿಗೇ ಅಂತ ಒಂದು ದಿನ ಇಟ್ಟಿದ್ದಾರೆ. ಮಕ್ಕಳನ್ನ ಕರ್ಕೊಂಡು ಹೋಗಿ ಗಿಡ ತೋರಿಸ್ತಾರೆ. ನಾವೂ ಮಾಡುವ. ಸಭೆಗಿಂತ ಮೊದಲೇ ಮಾಡುವ."

ಕಾಮಿಯ ಗಂಡ ಹುಲಿಯಾ ನಕ್ಕುಬಿಟ್ಟ. "ಗಿಡ ನೋಡಿದ್ರೆ ಹೊಟ್ಟೆ ತುಂಬ್ತದಾ? ನಾಲ್ಕು ಜನ ಗುಡಿಸಿದ್ರೆ ನಾನೂರು ಜನ ತಂದು ಹಾಕ್ತಾರೆ."

"ಹಾಕ್ಲಿ. ನಾನೂ ನೋಡ್ತೆ" ಎಂದಳು ಕಾಮಿ.

ಕಾಮಿ, ಯೋಗಿತಾ, ನೆರೆಮನೆಯ ನಾಗಮ್ಮ ಸೇರಿ ಎರಡು ದಿನ ಬಳಿದು ಗುಡಿಸಿದರು. ಮೂರನೇ ದಿನ ಬೆಳಗಾಗುವಷ್ಟರಲ್ಲಿ ಮತ್ತೆ ಮೀನಿನ ಕಸದ ರಾಶಿ! ನಾಗಮ್ಮ ಕಸಬರಿಗೆ ಎಸೆದಳು. "ಸಾಕಾಯ್ತು ಮಾರಾಯ್ತಿ. ಇದು ಮುಗಿಯುದಲ್ಲ."

ಕಾಮಿ ಯಾರನ್ನೂ ಬೈಯಲಿಲ್ಲ. ಮಾರನೇ ದಿನ ಪೇಟೆಗೆ ಹೋಗಲಿಲ್ಲ, ಅಷ್ಟೇ. ಹರಿವೆ ಸೊಪ್ಪು, ಬದನೆಯ ಬುಟ್ಟಿ ತಂದು ಉದ್ಯಾನದ ಗೇಟಿನಲ್ಲೇ ಇಟ್ಟು ಕೂತಳು. ಚೀಲ ಹಿಡಿದು ಬಂದವರಿಗೆ, "ಎಂತ ತಂದದ್ದು ಅಣ್ಣಾ?" ಎಂದು ಕೇಳಿದಳು. ಅವರು ಕಕ್ಕಾಬಿಕ್ಕಿಯಾಗಿ, ಒಂದು ಕಟ್ಟು ಹರಿವೆ ಕೊಂಡು ಚೀಲದ ಸಮೇತ ಮನೆಗೆ ತಿರುಗಿದರು.

ಐದನೇ ಬೆಳಿಗ್ಗೆ ಚೀಲ ಹೊತ್ತು ಬಂದವನು ಹುಲಿಯಾ! ಹೆಂಡತಿ ನೀರಿಗೆ ಹೋಗಿದ್ದಾಳೆಂದು ಅವನ ಲೆಕ್ಕಾಚಾರ.

ಗೇಟಿನಲ್ಲೇ ಕೂತ ಅವಳನ್ನು ಕಂಡು, "ಎಲ್ಲರೂ ಹಾಕ್ತಾರಲೇ..." ಎಂದು ತೊದಲಿದ.

"ಎಲ್ಲರೂ ಅಂದ್ರೆ ಯಾರು? ನಾವೇ ಅಲ್ದಾ? ನಮ್ಮನೆ ಕಸ ನಿಲ್ಸೂಕಾಗದಿದ್ರೆ ಊರವರಿಗೆ ನಾ ಯಾವ ಬಾಯಲ್ಲಿ ಹೇಳ್ಲಿ?"

ಹುಲಿಯಾ ಚೀಲ ಹೊತ್ತು ಹಿಂದಿರುಗಿದ. ಸಿಟ್ಟಾಗಿ ಹೋದನೆಂದೇ ಕಾಮಿ ಅಂದುಕೊಂಡಳು. ಗಂಟೆ ಕಳೆಯುವುದರೊಳಗೆ ಅವನು ಹಾರೆ, ಗುದ್ದಲಿ ಹೊತ್ತು ಬಂದ. ಮೂಲೆಯಲ್ಲಿ ಗುಂಡಿ ತೋಡಿದ. "ಉದುರಿದ ಎಲೆ ಇದಕ್ಕೆ, ಗೊಬ್ಬರ ಆಗ್ತದೆ. ಪ್ಲಾಸ್ಟಿಕ್ಕು ಕಸದ ಗಾಡಿಗೆ. ಇನ್ಯಾರಾದ್ರೂ ತಂದ್ರೆ ನಂಗೆ ಹೇಳು" ಎಂದ. ಮಾರನೇ ದಿನ ನಾಗಮ್ಮನೂ ಕಸಬರಿಗೆ ಹಿಡಿದು ಬಂದಳು.

ಉದ್ಯಾನ ದಿನ ಕೇರಿಯ ಮಕ್ಕಳೆಲ್ಲ ಬಂದರು. ಕಾಮಿ ಒಂದೊಂದೇ ಗಿಡ ಮುಟ್ಟಿ ಹೆಸರು ಹೇಳಿದಳು, ಯೋಗಿತಾ ಫಲಕ ಬರೆದು ನೆಟ್ಟಳು. ಒಂದು ಮರದ ಮುಂದೆ ಇಬ್ಬರಿಗೂ ಅನುಮಾನ. ಹಿಂದಿನಿಂದ ದುರ್ಗಪ್ಪನ ದನಿ ಬಂತು. "ಅದು ಸುರಗಿ. ನಮ್ಮವ್ವ ಅದರ ಹೂವಿನ ದಂಡೆ ಮುಡೀತಿದ್ಲು. ಇಲ್ಲಿ ಅದೆ ಅಂತ ನಂಗೇ ಗೊತ್ತಿರಲಿಲ್ಲ." ಮುದುಕ ತುಂಬ ಹೊತ್ತು ಆ ಮರದ ಕೆಳಗೇ ನಿಂತಿದ್ದ.

ಸಭೆಯಲ್ಲಿ ಮೊದಲು ಎದ್ದವನೂ ಅವನೇ. "ಲಾರಿಗೆ ಬೇರೆ ಜಾಗ ನೋಡುವ. ಇಲ್ಲಿಗೊಂದು ನೀರಿನ ನಳ ಹಾಕುವ." ಯಾರೂ ಬೇಡವೆನ್ನಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಉದ್ಯಾನದ ಗೇಟು ನೀವು ತೆರೆದು ಎಷ್ಟು ದಿನವಾಯಿತು? ಈ ವಾರವೇ ಮಕ್ಕಳ ಕೈ ಹಿಡಿದು ಹೋಗಿ. ಕಸ ಒಯ್ಯಬೇಡಿ, ಗಿಡ ಕೀಳಬೇಡಿ. ಗೊತ್ತಿದ್ದ ಗಿಡದ ಹೆಸರು ಮಕ್ಕಳಿಗೆ ಹೇಳಿ, ಗೊತ್ತಿಲ್ಲದ್ದನ್ನು ಹಿರಿಯರ ಹತ್ತಿರ ಕೇಳಿ. ಜನ ಕಾಲಿಡುವ ಉದ್ಯಾನಕ್ಕೆ ಕೊಡಲಿ ಹಚ್ಚಲು ಯಾರಿಗೂ ಧೈರ್ಯ ಬರುವುದಿಲ್ಲ.